ಒಂದೇ ಒಂದು ಎಳೆಯ ಜಾಡು ಹಿಡಿದು

ಮಾಗಿದ ಬಾಳೆಹಣ್ಣಿಗೆ ಮುತ್ತುವ ಸಣ್ಣ ಹಣ್ಣಿನ ನೊಣದ ಮೆದುಳಿನಲ್ಲಿ 1,39,255 ನರಕೋಶಗಳಿವೆ. ಇದು ಅಂದಾಜಿನ ಲೆಕ್ಕವಲ್ಲ. ಒಂದೊಂದು ಕೋಶವೂ ಎಲ್ಲಿಂದ ಹೊರಟಿದೆ, ಎಲ್ಲೆಲ್ಲಿ ಕವಲೊಡೆದಿದೆ, ಯಾವ ಯಾವ ಕೋಶಕ್ಕೆ ಸುದ್ದಿ ಮುಟ್ಟಿಸುತ್ತದೆ ಎಂಬುದನ್ನೆಲ್ಲ ತುದಿಯಿಂದ ತುದಿಯವರೆಗೆ ಹಿಂಬಾಲಿಸಿ ಎಣಿಸಿದ್ದು. 2024ರ ಅಕ್ಟೋಬರಿನಲ್ಲಿ ‘ನೇಚರ್’ ಪತ್ರಿಕೆ ಈ ಕುರಿತ ಒಂಬತ್ತು ಪ್ರಬಂಧಗಳನ್ನು ಒಟ್ಟಿಗೆ ಪ್ರಕಟಿಸಿತು. ಒಂದು ಮಿಲಿಮೀಟರಿನಷ್ಟೂ ಅಗಲವಿಲ್ಲದ ಆ ಮೆದುಳಿನೊಳಗಿನ ತಂತುಗಳನ್ನೆಲ್ಲ ಬಿಡಿಸಿ ಉದ್ದಕ್ಕೆ ಹಾಸಿದರೆ ಸುಮಾರು 149 ಮೀಟರ್ ಆಗುತ್ತವೆ. ಒಂದು ಕೋಶ ಇನ್ನೊಂದಕ್ಕೆ ಸುದ್ದಿ ದಾಟಿಸುವ ತಾಣಗಳು, ಅಂದರೆ ಸಿನಾಪ್ಸ್‌ಗಳು, ಐದು ಕೋಟಿಗೂ ಹೆಚ್ಚು.

ಈ ಸುದ್ದಿಯಲ್ಲಿ ನನ್ನನ್ನು ಹಿಡಿದು ನಿಲ್ಲಿಸಿದ ಸಂಖ್ಯೆ ಬೇರೆಯೇ. ಅದು 33. ಕಂಪ್ಯೂಟರ್ ತಯಾರಿಸಿಕೊಟ್ಟ ಈ ನಕ್ಷೆಯ ತಪ್ಪುಗಳನ್ನು ತಿದ್ದುವುದಕ್ಕೆ ಬಿದ್ದ ಮನುಷ್ಯರ ದುಡಿಮೆಯನ್ನು ಕೂಡಿದರೆ, ಒಬ್ಬರೇ ಕೂತು ಮಾಡಿದ್ದರೆ ಸುಮಾರು 33 ವರ್ಷ ಹಿಡಿಯುತ್ತಿತ್ತು. ಪ್ರಿನ್ಸ್‌ಟನ್ ವಿಶ್ವವಿದ್ಯಾಲಯದ ಮಾಲಾ ಮೂರ್ತಿ ಮತ್ತು ಸೆಬಾಸ್ಟಿಯನ್ ಸಂಗ್ ಅವರ ಮುಂದಾಳತ್ವದಲ್ಲಿ, ‘ಫ್ಲೈವೈರ್’ ಎಂಬ ಹೆಸರಿನಡಿ, ಹತ್ತಾರು ಪ್ರಯೋಗಾಲಯಗಳ ನೂರಾರು ಜನ ಇದಕ್ಕೆ ಕೈಜೋಡಿಸಿದರು. ಅವರಲ್ಲಿ ವಿಜ್ಞಾನಿಗಳಲ್ಲದ ಆಸಕ್ತರೂ ಇದ್ದರು. ಕಣ್ಣು, ತಾಳ್ಮೆ, ತರಬೇತಿ ಇವು ಮೂರು ಈ ಕೆಲಸದ ಬಂಡವಾಳ. ಮಳೆಗೆ ಬರವಿರುವ ನಮ್ಮ ಚಳ್ಳಕೆರೆ, ಮೊಳಕಾಲ್ಮುರು ಸೀಮೆಯಲ್ಲಿ ಮೊದಲಿನ ಎರಡಕ್ಕೆ ಯಾವತ್ತೂ ಬರ ಬಂದಿಲ್ಲ. ಮೂರನೆಯದನ್ನು ಕೊಡಬಲ್ಲ ಭಾರತೀಯ ವಿಜ್ಞಾನ ಸಂಸ್ಥೆಯ ಆವರಣ ಇಲ್ಲಿನ ಕುದಾಪುರದಲ್ಲೇ ಇದೆ. ಈ ಕೆಲಸ ಇಲ್ಲಿಗೂ ಬರಬೇಕು ಎಂಬುದು ನನ್ನ ವಾದ. ಅದನ್ನು ಹೇಳುವ ಮೊದಲು ಒಂದು ಕೋಶವನ್ನು ಇಡಿಯಾಗಿ ಹಿಂಬಾಲಿಸಲು ಜಗತ್ತು ಏಕೆ ಇಷ್ಟು ಪಾಡು ಪಡುತ್ತಿದೆ ಎಂಬುದನ್ನು ನೋಡೋಣ.

ನರಕೋಶದ ಚಿತ್ರವನ್ನು ಪಠ್ಯಪುಸ್ತಕದಲ್ಲಿ ನೋಡಿದವರಿಗೆ ಅದರ ನಿಜವಾದ ಅಳತೆ ಅಂದಾಜಾಗುವುದಿಲ್ಲ. ಪುಟದಲ್ಲಿ ಹಿಡಿಸಬೇಕಲ್ಲ, ಹಾಗಾಗಿ ಬಾಲವನ್ನು ಮೊಟಕು ಮಾಡಿ ಬರೆದಿರುತ್ತಾರೆ. ಕೋಶದ ಒಡಲು ಮಿಲಿಮೀಟರಿನ ಐವತ್ತರಲ್ಲೊಂದು ಭಾಗದಷ್ಟು ಇದ್ದರೆ, ಅದರಿಂದ ಹೊರಡುವ ಬಾಲ, ಅಂದರೆ ಆಕ್ಸಾನ್, ಮೀಟರಿನ ಲೆಕ್ಕಕ್ಕೆ ಬರುವಷ್ಟು ಉದ್ದ ಇರಬಹುದು. ನೆತ್ತಿಯ ಕೆಳಗೆ, ಮೆದುಳಿನ ಮೇಲ್ಪದರದಲ್ಲಿರುವ ಒಂದು ಕೋಶದ ಆಕ್ಸಾನ್ ಮೆದುಳಿನ ಬುಡ ದಾಟಿ, ಬೆನ್ನುಹುರಿಯೊಳಗೆ ಇಳಿಯುತ್ತಾ ಇಳಿಯುತ್ತಾ ಸೊಂಟದ ಮಟ್ಟಕ್ಕೆ ಬಂದು, ಕಾಲಿನ ಸ್ನಾಯುಗಳನ್ನು ಆಡಿಸುವ ಕೋಶಗಳ ಬಳಿ ಮುಗಿಯುತ್ತದೆ. ಅರ್ಧ ಮೀಟರಿಗೂ ಹೆಚ್ಚಿನ ಹಾದಿ, ಒಂದೇ ಕೋಶ. ಹೀಗೆ ಇಳಿಯುವ ಎಳೆಗಳಲ್ಲಿ ಬಹುಪಾಲು, ಮೆದುಳು ಮುಗಿದು ಬೆನ್ನುಹುರಿ ಶುರುವಾಗುವ ಕಡೆ, ಎಡದಿಂದ ಬಲಕ್ಕೂ ಬಲದಿಂದ ಎಡಕ್ಕೂ ದಾಟಿಕೊಳ್ಳುತ್ತವೆ. ಮೆದುಳಿನ ಎಡಗಡೆ ರಕ್ತ ಹರಿಯುವುದು ನಿಂತರೆ ಬಲಗೈ, ಬಲಗಾಲು ಬೀಳುವುದು ಅದಕ್ಕೇ.

ಲಕ್ವ ಹೊಡೆದವರ ಮನೆಯವರು ಆಸ್ಪತ್ರೆಯಲ್ಲಿ ಕೇಳುವ ಮಾತೊಂದಿದೆ: “ಕಾಲಿಗೆ ಏನೂ ಪೆಟ್ಟು ಬಿದ್ದಿಲ್ಲ ಸಾರ್, ಆದ್ರೂ ಯಾಕೆ ಎತ್ತೋಕೆ ಆಗ್ತಾ ಇಲ್ಲ?” ಕಾಲು ಚೆನ್ನಾಗಿದೆ, ಕಾಲಿನ ನರವೂ ಚೆನ್ನಾಗಿದೆ. ತಲೆಯೊಳಗಿನ ಕೋಶಗಳು ಸತ್ತದ್ದರಿಂದ ಸೊಂಟದವರೆಗೆ ಚಾಚಿದ್ದ ಅವುಗಳ ಎಳೆಗಳೂ ಸತ್ತಿವೆ. ಇಂಥ ಕೋಶವನ್ನು ಮೆದುಳಿನಲ್ಲಿ ಒಂದು ತುಂಡು, ಬೆನ್ನುಹುರಿಯಲ್ಲಿ ಒಂದು ತುಂಡು ಎಂದು ಬೇರೆ ಬೇರೆ ನೋಡಿದ್ದರೆ ಈ ಸರಳ ಉತ್ತರ ಸಿಗುತ್ತಲೇ ಇರಲಿಲ್ಲ. ನರಕೋಶದ ಕಸುಬೇ ಒಂದು ಕಡೆಯ ಸುದ್ದಿಯನ್ನು ಇನ್ನೊಂದು ಕಡೆಗೆ ಒಯ್ಯುವುದು. ಹೊರಟ ಊರು ಮಾತ್ರ ಗೊತ್ತಿದ್ದು ತಲುಪುವ ಊರು ಗೊತ್ತಿಲ್ಲದಿದ್ದರೆ ಅದರ ಬಗ್ಗೆ ನಮಗೆ ಗೊತ್ತಿರುವುದು ಬಹಳ ಕಡಿಮೆ.

ಇಡೀ ಕೋಶವನ್ನು ಕಣ್ಣಿಗೆ ಕಾಣಿಸಿದ ಮೊದಲ ವ್ಯಕ್ತಿ ಇಟಲಿಯ ಕ್ಯಾಮಿಲ್ಲೊ ಗಾಲ್ಜಿ. 1873ರಲ್ಲಿ ಆತ ಬೆಳ್ಳಿಯ ಲವಣ ಬಳಸಿ ಮೆದುಳಿನ ಬಿಲ್ಲೆಗಳಿಗೆ ಬಣ್ಣ ಕಟ್ಟುವ ವಿಧಾನ ಪ್ರಕಟಿಸಿದ. ಆ ಬಣ್ಣ ನೂರಕ್ಕೆ ಕೆಲವೇ ಕೋಶಗಳಿಗೆ ಹತ್ತುತ್ತದೆ, ಹತ್ತಿದ ಕೋಶಕ್ಕೆ ಪೂರ್ತಿಯಾಗಿ ಹತ್ತುತ್ತದೆ. ಎಲ್ಲ ಕೋಶಗಳಿಗೂ ಹತ್ತಿದ್ದರೆ ಬರೀ ಕಪ್ಪು ಮಸಿ ಕಾಣುತ್ತಿತ್ತು. ಕೆಲವಕ್ಕೇ ಹತ್ತಿದ್ದರಿಂದ ಒಂದೊಂದು ಕೋಶವೂ ಬೇರೆಯಾಗಿ ಎದ್ದು ಕಂಡಿತು. ಸ್ಪೇನಿನ ಸ್ಯಾಂಟಿಯಾಗೊ ರಮೋನ್ ಇ ಕಹಾಲ್ ಅದೇ ವಿಧಾನವನ್ನು ಹಿಡಿದು, 1888ರಿಂದ ವರ್ಷಗಟ್ಟಲೆ ಸೂಕ್ಷ್ಮದರ್ಶಕದ ಮುಂದೆ ಕೂತು ಚಿತ್ರ ಬರೆದ. ನರಮಂಡಲವೆಂದರೆ ಒಂದಕ್ಕೊಂದು ಬೆಸೆದುಕೊಂಡ ಒಂದೇ ಬಲೆ ಎಂದು ಗಾಲ್ಜಿ ನಂಬಿದ್ದ. ಕೋಶಗಳು ಬೇರೆ ಬೇರೆ, ಅವು ಪರಸ್ಪರ ಹತ್ತಿರ ಬರುತ್ತವೆಯೇ ಹೊರತು ಒಂದಾಗುವುದಿಲ್ಲ ಎಂದು ಕಹಾಲ್ ತೋರಿಸಿದ. 1906ರಲ್ಲಿ ಇಬ್ಬರಿಗೂ ಸೇರಿ ನೊಬೆಲ್ ಬಂತು, ಆ ವೇದಿಕೆಯ ಮೇಲೂ ಗಾಲ್ಜಿ ತನ್ನ ಪಟ್ಟು ಬಿಡಲಿಲ್ಲ. ಕಹಾಲ್ ಗೆದ್ದದ್ದು ಹೊಸ ಯಂತ್ರದಿಂದಲ್ಲ. ಇನ್ನೊಬ್ಬರ ಬಣ್ಣ, ಇನ್ನೊಬ್ಬರ ಸೂಕ್ಷ್ಮದರ್ಶಕ, ತನ್ನ ಕಣ್ಣು. ಆದರೆ ಬಿಲ್ಲೆಯಿಂದ ಹೊರಕ್ಕೆ ಹೋದ ಎಳೆಯನ್ನು ಹಿಂಬಾಲಿಸಲು ಅವನಿಗೂ ಆಗಲಿಲ್ಲ. ತೆಳುವಾದ ಬಿಲ್ಲೆಯಲ್ಲಿ ಉದ್ದದ ಆಕ್ಸಾನಿನ ಒಂದು ತುಣುಕಷ್ಟೇ ಇರುತ್ತದೆ.

ಬೆಂಗಳೂರಿನಲ್ಲಿ ನಡೆದ ಒಂದು ಕೆಲಸವನ್ನು ಇಲ್ಲಿ ನೆನೆಯಬೇಕು. ಭಾರತೀಯ ವಿಜ್ಞಾನ ಸಂಸ್ಥೆಯ ನರವಿಜ್ಞಾನ ಕೇಂದ್ರದ ದೇವರಾಜನ್ ಶ್ರೀಧರನ್ ಮತ್ತು ಸಂಗಡಿಗರು 2022ರಲ್ಲಿ ಹೊಸ ಗಣನ ವಿಧಾನವೊಂದನ್ನು ಪ್ರಕಟಿಸಿದರು. ಬದುಕಿರುವ ಮನುಷ್ಯನ ಮೆದುಳನ್ನು ಎಂಆರ್‌ಐ ಯಂತ್ರದಲ್ಲಿ ನೋಡುವಾಗ, ಅಲ್ಲಿನ ನೀರಿನ ಅಣುಗಳು ಯಾವ ದಿಕ್ಕಿಗೆ ಸಲೀಸಾಗಿ ಜರುಗುತ್ತವೆ ಎಂಬುದನ್ನು ಅಳೆಯಬಹುದು. ಆಕ್ಸಾನುಗಳು ಸಾಗುವ ದಿಕ್ಕಿನಲ್ಲಿ ನೀರು ಸುಲಭವಾಗಿ ಹರಿಯುತ್ತದೆ, ಅಡ್ಡಕ್ಕೆ ಅಷ್ಟು ಸುಲಭವಲ್ಲ. ಈ ಸುಳಿವಿನಿಂದ ನರಹಾದಿಗಳನ್ನು ಊಹಿಸಿ, ಸುಳ್ಳು ಹಾದಿಗಳನ್ನು ಕತ್ತರಿಸಿ ಹಾಕುವ ಲೆಕ್ಕ ಬಹಳ ಹೊತ್ತು ತಿನ್ನುತ್ತಿತ್ತು. ಬೆಂಗಳೂರಿನ ತಂಡ ಅದನ್ನು 150 ಪಟ್ಟಿಗೂ ಹೆಚ್ಚು ಚುರುಕು ಮಾಡಿತು. ರೋಗಿಯ ತಲೆ ತೆರೆಯದೆ ಮಾಡಬಹುದಾದ ಪರೀಕ್ಷೆ ಇದು, ಅದರ ಬೆಲೆ ದೊಡ್ಡದು. ಆದರೆ ಎಂಆರ್‌ಐ ಚಿತ್ರದ ಒಂದೊಂದು ಚುಕ್ಕೆಯೂ ಒಂದೆರಡು ಮಿಲಿಮೀಟರ್ ಅಗಲ, ಅಷ್ಟು ಜಾಗದಲ್ಲಿ ಲಕ್ಷಾಂತರ ಆಕ್ಸಾನುಗಳು ಸಾಗುತ್ತವೆ. ಆ ಕಟ್ಟಿನೊಳಗೆ ಯಾವ ಎಳೆ ಎತ್ತ ತಿರುಗಿತು ಎಂದು ಕೇಳಿದರೆ ಯಂತ್ರದ ಬಳಿ ಉತ್ತರವಿಲ್ಲ.

ಒಂದೇ ಕೋಶವನ್ನು ಇಡೀ ಮೆದುಳಿನಲ್ಲಿ ಹಿಂಬಾಲಿಸುವ ಕೆಲಸ ಇಲಿಯಲ್ಲಿ ಕೈಗೂಡಿದ್ದು ಈಚೆಗೆ. ಇಲಿಯ ಮೆದುಳಿನಲ್ಲಿ ಸುಮಾರು ಏಳು ಕೋಟಿ ನರಕೋಶಗಳಿವೆ. ಹೊಳೆಯುವ ಪ್ರೋಟೀನಿನ ವಂಶವಾಹಿಯನ್ನು ಹೊತ್ತ ವೈರಸ್ಸನ್ನು ತೀರಾ ತೆಳುವಾಗಿಸಿ ಚುಚ್ಚಿದರೆ, ಅಷ್ಟು ಕೋಟಿಯಲ್ಲಿ ಬೆರಳೆಣಿಕೆಯಿಂದ ನೂರರವರೆಗಿನ ಕೋಶಗಳು ಮಾತ್ರ ಬೆಳಗುತ್ತವೆ. ಗಾಲ್ಜಿಯ ಗುಟ್ಟೇ ಇದು, ರೂಪ ಬೇರೆ. ಆಮೇಲೆ ಮೆದುಳನ್ನು ರಾಸಾಯನಿಕಗಳಲ್ಲಿ ನೆನೆಸಿ ಪಾರದರ್ಶಕ ಮಾಡುತ್ತಾರೆ. ಲೇಸರ್ ಸೂಕ್ಷ್ಮದರ್ಶಕದಲ್ಲಿ ಮೇಲ್ಪದರದ ಚಿತ್ರ ತೆಗೆಯುವುದು, ಆ ಪದರವನ್ನು ಹೆರೆದು ಹಾಕುವುದು, ಕೆಳಗಿನದರ ಚಿತ್ರ ತೆಗೆಯುವುದು, ಮತ್ತೆ ಹೆರೆಯುವುದು. ಹಗಲೂ ರಾತ್ರಿ ಯಂತ್ರ ಇದನ್ನೇ ಮಾಡುತ್ತದೆ. ಅಮೆರಿಕದ ಜನೇಲಿಯಾ ಸಂಶೋಧನಾ ಕೇಂದ್ರದ ‘ಮೌಸ್‌ಲೈಟ್’ ತಂಡ 2019ರಲ್ಲಿ ಹೀಗೆ ಪೂರ್ಣವಾಗಿ ಹಿಂಬಾಲಿಸಿದ ಸಾವಿರಕ್ಕೂ ಹೆಚ್ಚು ಕೋಶಗಳನ್ನು ಬಹಿರಂಗಪಡಿಸಿತು. ಚೀನಾದ ವುಹಾನ್‌ನಲ್ಲಿ ಲುವೊ ಚಿಂಗ್‌ಮಿಂಗ್ ಅವರ ತಂಡ ಮೆದುಳನ್ನು ರಾಳದಲ್ಲಿ ಗಟ್ಟಿಮಾಡಿ, ವಜ್ರದ ಅಲಗಿನಿಂದ ಕೊಯ್ಯುತ್ತಲೇ ಚಿತ್ರ ತೆಗೆಯುವ ಯಂತ್ರ ಕಟ್ಟಿತು. ಫಲಿತಾಂಶ ನೋಡಿದಾಗ ವಿಜ್ಞಾನಿಗಳಿಗೇ ಅಚ್ಚರಿ. ಅಕ್ಕಪಕ್ಕದಲ್ಲೇ ಇರುವ, ನೋಡಲು ಒಂದೇ ಥರ ಇರುವ ಎರಡು ಕೋಶಗಳ ಎಳೆಗಳು ಪೂರ್ತಿ ಬೇರೆ ಬೇರೆ ಕಡೆಗೆ ಹೋಗಿದ್ದವು. ಕ್ಲಾಸ್ಟ್ರಮ್ ಎಂಬ ತೆಳು ಪದರದಲ್ಲಿದ್ದ ಒಂದು ಕೋಶವಂತೂ ಇಡೀ ಮೆದುಳನ್ನು ಸುತ್ತು ಹಾಕಿತ್ತು.

ಚಿತ್ರ ತೆಗೆದಾಯಿತು, ಎಳೆ ಹಿಡಿಯುವವರು ಯಾರು? ಮೊಳಕಾಲ್ಮುರಿನ ಗುಂಡಿ ಮಗ್ಗದ ಮುಂದೆ ಕೂತವರಿಗೆ ಈ ಕಷ್ಟ ಬಿಡಿಸಿ ಹೇಳಬೇಕಾಗಿಲ್ಲ. ರೇಷ್ಮೆ ಸೀರೆಯ ಹಾಸಿನಲ್ಲಿ ಸಾವಿರಾರು ಎಳೆಗಳು. ಒಂದು ಕಡಿದರೆ ಮಗ್ಗ ನಿಲ್ಲಿಸಿ, ಕಡಿದ ಎರಡು ತುದಿಗಳನ್ನು ಹುಡುಕಿ ಗಂಟು ಹಾಕಬೇಕು. ಗಂಟು ಹಾಕದೆ ಬಿಟ್ಟರೆ ಅಲ್ಲಿಂದ ಮುಂದಕ್ಕೆ ಆ ಎಳೆ ಇಲ್ಲ. ಪಕ್ಕದ ಎಳೆಗೆ ತಪ್ಪಿ ಗಂಟು ಹಾಕಿದರೆ ಇನ್ನೂ ಕೆಟ್ಟದ್ದು, ದೋಷ ಸೀರೆಯುದ್ದಕ್ಕೂ ಓಡುತ್ತದೆ. ಮೆದುಳಿನ ಚಿತ್ರದಲ್ಲಿ ಕಂಪ್ಯೂಟರ್ ಮಾಡುವ ತಪ್ಪುಗಳೂ ಇವೇ ಎರಡು. ಮಸುಕಾದ ಕಡೆ ಒಂದೇ ಕೋಶವನ್ನು ಎರಡೆಂದು ಕಡಿಯುತ್ತದೆ, ಒತ್ತೊತ್ತಾಗಿರುವ ಕಡೆ ಎರಡು ಕೋಶಗಳನ್ನು ಒಂದೆಂದು ಬೆಸೆಯುತ್ತದೆ. ಎರಡನೆಯದೇ ಹೆಚ್ಚು ಅಪಾಯ. ಒಂದೇ ಒಂದು ತಪ್ಪು ಬೆಸುಗೆಯಿಂದ ಕಣ್ಣಿನ ಕೋಶ ಕಾಲಿನ ಕೋಶಕ್ಕೆ ಸುದ್ದಿ ಕೊಡುತ್ತದೆ ಎಂಬ ಸುಳ್ಳು ಹುಟ್ಟಿಬಿಡುತ್ತದೆ. ಅದಕ್ಕೇ ಮೌಸ್‌ಲೈಟ್‌ನಲ್ಲಿ ಒಂದೇ ಕೋಶವನ್ನು ಇಬ್ಬರು ಬೇರೆ ಬೇರೆ ಕೂತು ಹಿಂಬಾಲಿಸಿ, ಕೊನೆಗೆ ಎರಡನ್ನೂ ತಾಳೆ ನೋಡುವ ಪದ್ಧತಿ ಇಟ್ಟುಕೊಂಡರು.

ನೊಣದ ಮೆದುಳಿನಲ್ಲಿ ಹೊಳೆಯುವ ಪ್ರೋಟೀನಿನ ದಾರಿ ಸಾಲದು. ಎಲ್ಲ ಕೋಶಗಳೂ ಬೇಕು, ಎಲ್ಲ ಸಿನಾಪ್ಸ್‌ಗಳೂ ಬೇಕು. ಅದಕ್ಕೆ ಎಲೆಕ್ಟ್ರಾನ್ ಸೂಕ್ಷ್ಮದರ್ಶಕವೇ ಗತಿ. ಒಂದು ಹೆಣ್ಣು ನೊಣದ ಮೆದುಳನ್ನು ಡೇವಿ ಬಾಕ್ ಅವರ ತಂಡ ಏಳು ಸಾವಿರಕ್ಕೂ ಹೆಚ್ಚು ಹಾಳೆಗಳಾಗಿ ಕೊಯ್ದು, ಸುಮಾರು 2.1 ಕೋಟಿ ಚಿತ್ರಗಳನ್ನು ತೆಗೆದು 2018ರಲ್ಲಿ ಎಲ್ಲರಿಗೂ ಬಿಟ್ಟುಕೊಟ್ಟಿತು. ಒಂದೊಂದು ಹಾಳೆಯ ದಪ್ಪ ಮಿಲಿಮೀಟರಿನ 25,000ದಲ್ಲಿ ಒಂದು ಭಾಗ. ಆ ಚಿತ್ರಗಳ ಮೇಲೆಯೇ ಫ್ಲೈವೈರ್ ನಿಂತಿರುವುದು. ಇದಕ್ಕೂ ಮುಂಚೆ ಪೂರ್ತಿ ನಕ್ಷೆ ಸಿಕ್ಕಿದ್ದ ಮೊದಲ ಜೀವಿ ಒಂದು ಮಿಲಿಮೀಟರ್ ಉದ್ದದ ದುಂಡುಹುಳು. ಅದರ 302 ನರಕೋಶಗಳ ನಕ್ಷೆಯನ್ನು ಸಿಡ್ನಿ ಬ್ರೆನರ್ ಆರಂಭಿಸಿದ ಕೆಲಸದ ಫಲವಾಗಿ ಜಾನ್ ವೈಟ್ ಮತ್ತು ಜೊತೆಗಾರರು 1986ರಲ್ಲಿ ಪ್ರಕಟಿಸಿದರು. 302ರಿಂದ 1,39,255ಕ್ಕೆ ಬರಲು 38 ವರ್ಷ ಹಿಡಿಯಿತು.

ನಕ್ಷೆಯಿಂದ ಏನು ದಕ್ಕಿತು? ಇಲ್ಲಿ ನಮ್ಮ ನೆಲದ ಕತೆಯೊಂದು ಕೂಡಿಕೊಳ್ಳುತ್ತದೆ. ಮುಂಬೈನ ಟಾಟಾ ಮೂಲಭೂತ ಸಂಶೋಧನಾ ಸಂಸ್ಥೆಯಲ್ಲಿ ಒಬೈದ್ ಸಿದ್ದೀಕಿ ಮತ್ತು ಅವರ ವಿದ್ಯಾರ್ಥಿನಿಯಾಗಿದ್ದ ವೆರೋನಿಕಾ ರಾಡ್ರಿಗಸ್ ಹಣ್ಣಿನ ನೊಣದ ವಾಸನೆ, ರುಚಿಗಳ ಹಿಂದೆ ಬಿದ್ದಿದ್ದರು. ಕೆಲವು ಬಗೆಯ ಸಕ್ಕರೆಯ ರುಚಿ ಹತ್ತದ ನೊಣದ ತಳಿಯೊಂದನ್ನು ಅವರು 1981ರಲ್ಲಿ ವರದಿ ಮಾಡಿದರು. ಮುಂದೆ ಸಿದ್ದೀಕಿ ಬೆಂಗಳೂರಿಗೆ ಬಂದು ರಾಷ್ಟ್ರೀಯ ಜೀವವಿಜ್ಞಾನ ಕೇಂದ್ರವನ್ನು ಕಟ್ಟಿದರು, ರಾಡ್ರಿಗಸ್ ಕೂಡ ಅಲ್ಲಿಗೆ ಬಂದರು. ನೊಣದ ಮೀಸೆಯಿಂದ ಹೊರಟ ನರಗಳು ಮೆದುಳಿನ ಯಾವ ಮೂಲೆಗೆ ಸೇರುತ್ತವೆ ಎಂದು ಹುಡುಕುವ ಕೆಲಸದಲ್ಲಿ ರಾಡ್ರಿಗಸ್ ಮೊದಲಿಗರ ಸಾಲಿನವರು. ಮೈಸೂರಿನ ಮಾನಸಗಂಗೋತ್ರಿಯ ಡ್ರೊಸೊಫಿಲ ತಳಿ ಭಂಡಾರದ ಪುಣ್ಯದಿಂದ ಕರ್ನಾಟಕದ ಎಷ್ಟೋ ಪ್ರಾಣಿಶಾಸ್ತ್ರದ ವಿದ್ಯಾರ್ಥಿಗಳು ಇದೇ ನೊಣವನ್ನು ಸೀಸೆಯಲ್ಲಿ ಸಾಕಿ ಪಾಠ ಕಲಿತಿದ್ದಾರೆ. 2024ರಲ್ಲಿ ಅಮೆರಿಕದ ಫಿಲಿಪ್ ಶಿಯು ಮತ್ತು ಸಂಗಡಿಗರು ಇಡೀ ನಕ್ಷೆಯನ್ನು ಕಂಪ್ಯೂಟರಿಗೆ ಊಡಿಸಿ, ಸಕ್ಕರೆಯ ರುಚಿ ಹಿಡಿಯುವ ಕೋಶಗಳನ್ನು ಅದರಲ್ಲೇ ಎಬ್ಬಿಸಿ ನೋಡಿದರು. ಸುದ್ದಿ ಯಾವ ಯಾವ ಕೋಶಗಳನ್ನು ದಾಟಿ ಸೊಂಡಿಲು ಚಾಚಿಸುವ ಕೋಶಕ್ಕೆ ಮುಟ್ಟುತ್ತದೆ ಎಂದು ಲೆಕ್ಕ ಹೇಳಿತು. ನಿಜವಾದ ನೊಣಗಳಲ್ಲಿ ಪರೀಕ್ಷಿಸಿದಾಗ ಆ ಲೆಕ್ಕ ಬಹುಮಟ್ಟಿಗೆ ನಿಜವಾಯಿತು. ಸಿದ್ದೀಕಿ 2013ರಲ್ಲಿ ತೀರಿಕೊಂಡರು, ರಾಡ್ರಿಗಸ್ ಅದಕ್ಕೂ ಮೊದಲೇ, 2010ರಲ್ಲಿ. ಇದನ್ನು ಅವರಿಬ್ಬರೂ ನೋಡಬೇಕಿತ್ತು.

ನಕ್ಷೆ ಸಿಕ್ಕಿತೆಂದು ಎಲ್ಲವೂ ಅರ್ಥವಾಗುವುದಿಲ್ಲ. ದುಂಡುಹುಳುವಿನ ನಕ್ಷೆಗೆ ನಾಲ್ಕು ದಶಕ ತುಂಬುತ್ತಿದೆ, ಆ 302 ಕೋಶಗಳ ನಡವಳಿಕೆಯ ಬಗ್ಗೆ ಇನ್ನೂ ಸಂಶೋಧನೆ ನಡೆಯುತ್ತಲೇ ಇದೆ. ತಂತು ಕಾಣುತ್ತದೆ, ತಂತುವಿನಾಚೆ ಹರಡುವ ರಾಸಾಯನಿಕಗಳ ಪ್ರಭಾವ ಕಾಣುವುದಿಲ್ಲ. ಹಸಿದ ನೊಣ ಮತ್ತು ಹೊಟ್ಟೆ ತುಂಬಿದ ನೊಣದ ನಕ್ಷೆ ಒಂದೇ, ನಡತೆ ಬೇರೆ. ಹಾಗೆಂದು ನಕ್ಷೆ ಬೇಡವೆನ್ನುವವರ ಮಾತು ನನಗೆ ಒಪ್ಪಿಗೆಯಿಲ್ಲ. ಊರಿನ ಹಾದಿ ಗೊತ್ತಿಲ್ಲದೆ ಅಲ್ಲಿನ ಓಡಾಟದ ಬಗ್ಗೆ ಮಾತಾಡಲು ಬರುವುದಿಲ್ಲ.

ಮನುಷ್ಯನ ಮೆದುಳಿಗೆ ಬಂದಾಗ ಸಂಖ್ಯೆಗಳು ದಿಕ್ಕು ತಪ್ಪಿಸುತ್ತವೆ. ನಮ್ಮ ನರಕೋಶಗಳು ಸುಮಾರು 8,600 ಕೋಟಿ. ಮೂರ್ಛೆ ರೋಗದ ಶಸ್ತ್ರಚಿಕಿತ್ಸೆಯಲ್ಲಿ ತೆಗೆಯಬೇಕಾಗಿ ಬಂದ ಮೆದುಳಿನ ಒಂದು ಚೂರನ್ನು ಹಾರ್ವರ್ಡ್‌ನ ಜೆಫ್ ಲಿಕ್ಟ್‌ಮನ್ ತಂಡ ಮತ್ತು ಗೂಗಲ್ ಸೇರಿ ಚಿತ್ರಿಸಿದರು. ಒಂದು ಘನ ಮಿಲಿಮೀಟರಿನ ಆ ಚೂರಿನಲ್ಲಿ ಸುಮಾರು 57,000 ಕೋಶಗಳು, 15 ಕೋಟಿ ಸಿನಾಪ್ಸ್‌ಗಳು ಸಿಕ್ಕವು. ಚಿತ್ರಗಳಿಗೆ ಬೇಕಾದ ಜಾಗ 1,400 ಟೆರಾಬೈಟ್. ಇಡೀ ಮೆದುಳು ಅಂಥ ಸುಮಾರು 12 ಲಕ್ಷ ಚೂರುಗಳಿಗೆ ಸಮ. ಒಂದು ಘನ ಮಿಲಿಮೀಟರಿನ ಪೂರ್ತಿ ನಕ್ಷೆ ಮತ್ತು ಅದರ ಎಲ್ಲ ಕೋಶಗಳ ಚಟುವಟಿಕೆಯನ್ನು ಕೇಳುವುದು ಅಸಾಧ್ಯವನ್ನು ಕೇಳಿದಂತೆ ಎಂದು ಡಿಎನ್‌ಎ ಖ್ಯಾತಿಯ ಫ್ರಾನ್ಸಿಸ್ ಕ್ರಿಕ್ 1979ರಲ್ಲಿ ಬರೆದಿದ್ದರು. 2025ರ ಏಪ್ರಿಲ್‌ನಲ್ಲಿ ಇಲಿಯ ಮೆದುಳಿನ ಅಷ್ಟೇ ದೊಡ್ಡ ಚೂರಿನ ನಕ್ಷೆ, ಅದರ ಹತ್ತಾರು ಸಾವಿರ ಕೋಶಗಳ ಚಟುವಟಿಕೆಯ ದಾಖಲೆಯೊಂದಿಗೆ, ಹೊರಬಂತು. ಅದರಲ್ಲಿ 52 ಕೋಟಿಗೂ ಹೆಚ್ಚು ಸಿನಾಪ್ಸ್‌ಗಳಿವೆ.

ಇಡೀ ಮನುಷ್ಯ ಮೆದುಳನ್ನು ಕೋಶಗಳು ಕಾಣುವ ಮಟ್ಟದಲ್ಲಿ ಚಿತ್ರಿಸುವ ಕೆಲಸ ನಮ್ಮ ಪಕ್ಕದಲ್ಲೇ ನಡೆಯುತ್ತಿದೆ. ಮದ್ರಾಸ್ ಐಐಟಿಯ ಸುಧಾ ಗೋಪಾಲಕೃಷ್ಣನ್ ಮೆದುಳು ಕೇಂದ್ರ ಗರ್ಭಸ್ಥ ಶಿಶುವಿನ ಮೆದುಳಿನ 5,132 ಬಿಲ್ಲೆಗಳ ಚಿತ್ರಗಳನ್ನು 2024ರ ಡಿಸೆಂಬರಿನಲ್ಲಿ ‘ಧರಣಿ’ ಎಂಬ ಹೆಸರಿನಲ್ಲಿ ಜಗತ್ತಿಗೆ ಉಚಿತವಾಗಿ ಕೊಟ್ಟಿತು. ಅಲ್ಲಿ ಒಂದೊಂದು ಎಳೆಯನ್ನು ತುದಿ ಮುಟ್ಟ ಹಿಂಬಾಲಿಸುವ ಹಂತ ಇನ್ನೂ ಬಂದಿಲ್ಲ, ಆದರೆ ಕೋಶಗಳು ಎಲ್ಲೆಲ್ಲಿವೆ ಎಂಬುದು ಇಷ್ಟು ಸ್ಪಷ್ಟವಾಗಿ ಕಂಡಿರಲಿಲ್ಲ. ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿ ಡಾ. ಎಸ್.ಕೆ. ಶಂಕರ್ ಅವರು 1995ರಲ್ಲಿ ಕಟ್ಟಿದ ಮೆದುಳು ಭಂಡಾರವಿದೆ. ದುಃಖದ ನಡುವೆಯೂ ತಮ್ಮವರ ಮೆದುಳನ್ನು ದಾನ ಮಾಡಿದ ಕುಟುಂಬಗಳಿಂದ ಅದು ಬೆಳೆದಿದೆ. ಅಂಥ ಕುಟುಂಬಗಳ ಋಣ ಈ ವಿಜ್ಞಾನದ ಮೇಲೆ ಬಹಳ ಇದೆ. ಇಂಥ ಚಿತ್ರಗಳನ್ನು ಗುಟ್ಟಾಗಿಡದೆ ಎಲ್ಲರಿಗೂ ತೆರೆದಿಡಬೇಕು ಎಂದು ನಾನು ಒತ್ತಿ ಹೇಳುವುದು ಇದೇ ಕಾರಣಕ್ಕೆ.

ಈಗ ಕುದಾಪುರಕ್ಕೆ ಬರೋಣ. ಭಾರತೀಯ ವಿಜ್ಞಾನ ಸಂಸ್ಥೆಗೆ ಇಲ್ಲಿ 1,500 ಎಕರೆ ಕೊಟ್ಟಿದ್ದೇವೆ. ಅದು ದನ, ಕುರಿ ಮೇಯುತ್ತಿದ್ದ ಅಮೃತ್ ಮಹಲ್ ಕಾವಲಿನ ನೆಲ. ಹತ್ತಿರದ ರನ್‌ವೇಯಲ್ಲಿ 2024ರಲ್ಲಿ ಇಸ್ರೋದ ‘ಪುಷ್ಪಕ್’ ಇಳಿದಾಗ ನಾವೆಲ್ಲ ಹೆಮ್ಮೆಪಟ್ಟೆವು. ಆದರೆ ಆ ಹೆಮ್ಮೆಯಲ್ಲಿ ಈ ಊರುಗಳ ಮಕ್ಕಳಿಗೆ ನೋಡುವ ಪಾಲು ಇತ್ತು, ಮಾಡುವ ಪಾಲು ಇರಲಿಲ್ಲ. ಕುದಾಪುರದ ಆವರಣದಲ್ಲಿ ರಾಜ್ಯದ ಪ್ರೌಢಶಾಲೆ, ಪಿಯು ಕಾಲೇಜುಗಳ ವಿಜ್ಞಾನ ಶಿಕ್ಷಕರಿಗೆ ವರ್ಷಗಳಿಂದ ತರಬೇತಿ ನಡೆಯುತ್ತಿದೆ. ಕೈಯಾರೆ ಪ್ರಯೋಗ ಮಾಡಿ ಕಲಿಯುವ ಆ ತರಬೇತಿ ಒಳ್ಳೆಯ ಕೆಲಸ. ಅದರಲ್ಲಿ ನರಕೋಶವನ್ನು ಹಿಂಬಾಲಿಸುವ ಪಾಠವನ್ನೂ ಸೇರಿಸಬೇಕು ಎಂಬುದು ನನ್ನ ಬೇಡಿಕೆ.

ಇದಕ್ಕೆ ಹೊಸ ಕಟ್ಟಡ ಬೇಡ, ದುಬಾರಿ ಸೂಕ್ಷ್ಮದರ್ಶಕವೂ ಬೇಡ. ಚಿತ್ರಗಳು ಬೇರೆ ಕಡೆ ಆಗಲೇ ತಯಾರಾಗಿವೆ. ಸಂಗ್ ಅವರ ತಂಡ 2012ರಲ್ಲಿ ‘ಐವೈರ್’ ಎಂಬ ಆಟ ಶುರುಮಾಡಿತ್ತು. ಇಲಿಯ ಕಣ್ಣಿನ ಪರದೆಯ ಕೋಶಗಳಿಗೆ ಬಣ್ಣ ತುಂಬುತ್ತಾ ಹೋಗುವ ಆ ಆಟಕ್ಕೆ ಜಗತ್ತಿನ ಮೂಲೆಮೂಲೆಯಿಂದ ಜನ ಬಂದರು. 2014ರಲ್ಲಿ ಅದರ ಫಲ ‘ನೇಚರ್’ನಲ್ಲಿ ಪ್ರಕಟವಾದಾಗ ಲೇಖಕರ ಪಟ್ಟಿಯಲ್ಲಿ ಆಟಗಾರರ ಬಳಗದ ಹೆಸರೂ ಇತ್ತು. ಫ್ಲೈವೈರ್ ನಕ್ಷೆ ಇವತ್ತು ಯಾರು ಬೇಕಾದರೂ ತೆರೆದು ನೋಡಬಹುದಾದ ಸ್ಥಿತಿಯಲ್ಲಿದೆ. ಕಾಲೇಜಿನ ಕಂಪ್ಯೂಟರ್ ಕೋಣೆ, ನಿಲ್ಲದ ಇಂಟರ್ನೆಟ್, ಕಲಿತು ಬಂದ ಒಬ್ಬ ಜೀವಶಾಸ್ತ್ರದ ಮೇಷ್ಟ್ರು ಅಥವಾ ಮೇಡಂ ಇದ್ದರೆ ಸಾಕು. ಕನ್ನಡದಲ್ಲಿ ಬರೆದ ಕೈಪಿಡಿಯೊಂದು ಬೇಕು. ಅದನ್ನು ಕುದಾಪುರವೇ ಮಾಡಿಕೊಡಬಹುದು.

ಮೊದಲ ಪಾಠ ಹೇಗಿರಬೇಕೆಂಬುದೂ ನನ್ನ ಮನಸ್ಸಿನಲ್ಲಿದೆ. ನೊಣದ ಸೊಂಡಿಲು ಚಾಚಿಸುವ ಕೋಶವನ್ನು ತೆರೆಯ ಮೇಲೆ ತರುವುದು. ಅದಕ್ಕೆ ಸುದ್ದಿ ಕೊಡುವ ಕೋಶಗಳು ಯಾವುವು ಎಂದು ಒಂದು ಹೆಜ್ಜೆ ಹಿಂದಕ್ಕೆ ಹೋಗುವುದು, ಅಲ್ಲಿಂದ ಇನ್ನೊಂದು ಹೆಜ್ಜೆ, ಸಕ್ಕರೆಯ ರುಚಿ ಹಿಡಿಯುವ ಕೋಶ ಸಿಗುವವರೆಗೆ. ಇಬ್ಬಿಬ್ಬರು ಮಕ್ಕಳು ಬೇರೆ ಬೇರೆ ಕೂತು ಒಂದೇ ಹಾದಿಯನ್ನು ಬರೆದು ತಾಳೆ ನೋಡುವುದು. ನೊಣದ ಮೆದುಳಿನ ಎಡ, ಬಲ ಭಾಗಗಳಲ್ಲಿ ಹೆಚ್ಚಿನ ಕೋಶಗಳು ಜೋಡಿ ಜೋಡಿಯಾಗಿ ಇರುತ್ತವೆ, ಹಾಗಾಗಿ ಒಂದು ಕಡೆ ಸಿಕ್ಕ ಕೋಶದ ಜೋಡಿಯನ್ನು ಇನ್ನೊಂದು ಕಡೆ ಹುಡುಕುವುದು. ಜೋಡಿ ಸಿಗದಿದ್ದರೆ, ಅಥವಾ ಎರಡರ ಆಕಾರ ತೀರಾ ಬೇರೆ ಇದ್ದರೆ, ಎಲ್ಲೋ ಒಂದು ಎಳೆ ಕಡಿದು ಉಳಿದಿರಬಹುದು. ಅದು ಎಲ್ಲಿ ಎಂದು ಗುರುತು ಹಾಕಿಟ್ಟುಕೊಂಡು, ಕುದಾಪುರದ ತರಬೇತುದಾರರ ಮೂಲಕ ನಕ್ಷೆ ಮಾಡಿದವರಿಗೆ ಬರೆದು ತಿಳಿಸುವುದು ಎರಡನೆಯ ಪಾಠ.